ಹಕ್ಕಿ, ಚಿಟ್ಟೆ, ಭಾವನ ಟೇಪು

ಹಕ್ಕಿ ನೋಡುವವರನ್ನು ದೋಣಿಗೆ ಹತ್ತಿಸಿಕೊಂಡ ಮೇಲೆ ಏನೂ ಎಡವಟ್ಟಾಗದೆ ದಡಕ್ಕೆ ಬಂದ ದಿನ ನನಗಂತೂ ನೆನಪಿಲ್ಲ. ಎಂಟು ವರ್ಷದಿಂದ ಇದೇ ನನ್ನ ಕೆಲಸ. ನಮ್ಮದು ಮೀನು ಹಿಡಿಯುವ ಮನೆ. ಅಪ್ಪ ಜೀವನವಿಡೀ ಹಿಡಿದರು, ಅಣ್ಣ ಈಗಲೂ ಮೀನು ಇಳಿಸುವ ದಕ್ಕೆಯಲ್ಲಿದ್ದಾನೆ, ನನಗೆ ಮಾತ್ರ ಕಡಲಿಗಿಳಿದರೆ ವಾಂತಿ. ಹಾಗಾಗಿ ಪಣಂಬೂರಿನ ಈಚೆ, ಉಪ್ಪುನೀರಲ್ಲಿ ಬೇರು ಬಿಡುವ ಕಾಂಡ್ಲಾ ಗಿಡಗಳ ನಡುವೆ ಹರಿಯುವ ತೋಡಿನಲ್ಲಿ ದೋಣಿ ನಡೆಸಿ ಪೇಟೆಯವರಿಗೆ ಹಕ್ಕಿ, ಚಿಟ್ಟೆ ತೋರಿಸುತ್ತೇನೆ.

ತೋಡಿನ ಒಂದು ದಡಕ್ಕೆ ಆಗಲೇ ಕೆಂಪು ಮಣ್ಣು ಬಿದ್ದು ಗೋದಾಮು ಎದ್ದಿದೆ. ಇನ್ನೊಂದು ದಡದಲ್ಲಿ, ತೋಡು ಹೊಳೆಗೆ ಸೇರುವ ಬಾಯಲ್ಲೇ, ಅಪ್ಪನ ಹೆಸರಿನಲ್ಲಿ ಇಪ್ಪತ್ತು ಸೆಂಟ್ಸ್ ಜೌಗು ಜಾಗ. ಅದಕ್ಕೂ ಮಣ್ಣು ಬಿದ್ದರೆ ತೋಡಿನ ಕತೆ ಮುಗಿಯಿತು. ಹಕ್ಕಿಗಳು ಬೇರೆ ಕಡೆ ಹೋದಾವು, ನಾನು ಎಲ್ಲಿಗೆ ಹೋಗಲಿ? ಅಕ್ಕನ ಗಂಡ, ಅಂದರೆ ನಮ್ಮ ಭಾವ, ಗಲ್ಫಿನ ಕೆಲಸ ಬಿಟ್ಟು ಬಂದಾಗಿನಿಂದ ಆ ಜಾಗದ ಮೇಲೆ ಕಣ್ಣಿಟ್ಟಿದ್ದರು. ಕಂಟೇನರ್ ಲಾರಿ ನಿಲ್ಲಿಸುವವರಿಗೆ ಅದನ್ನು ಮಾರಿಸಲೇಬೇಕೆಂದು ಅವರ ಹಠ. ಅಪ್ಪ ಇರುವಷ್ಟು ದಿನ ಅದು ಸಾಗುವ ಮಾತಲ್ಲ ಎಂಬುದು ಅವರಿಗೂ ಗೊತ್ತಿತ್ತು, ಅಪ್ಪನ ದಿನಗಳು ಹೆಚ್ಚಿಲ್ಲ ಎಂಬುದು ನಮಗೆಲ್ಲರಿಗೂ ಗೊತ್ತಿತ್ತು. ಈ ತಲೆಬಿಸಿಯ ನಡುವೆಯೇ ನಗುವಂಥದ್ದೂ ನಡೆಯುತ್ತಿತ್ತು.

ಅಲುಗಾಡದ ಬೆಳ್ಳಕ್ಕಿ

ಕೊಡಿಯಾಲ್‌ಬೈಲಿನ ಒಬ್ಬ ಡಾಕ್ಟರು ಮೂವರು ಸ್ನೇಹಿತರ ಜೊತೆ ಬಂದಿದ್ದರು. ಮೊಣಕೈ ಉದ್ದದ ಲೆನ್ಸು, ಮೈಗೆಲ್ಲ ಹಸಿರು ಬಟ್ಟೆ. ಹತ್ತುವಾಗಲೇ ನನಗೆ ಕಟ್ಟಪ್ಪಣೆಯಾಯಿತು: "ನೀವು ಮಾತಾಡ್ಲಿಕ್ಕಿಲ್ಲ. ಮಾತಾಡಿದ್ರೆ ಹಕ್ಕಿ ಹಾರ್ತದೆ."

ಕಾಲು ಗಂಟೆ ಹೋದ ಮೇಲೆ ಡಾಕ್ಟರು ಕೈ ಎತ್ತಿದರು. ದೂರದ ಕಾಂಡ್ಲಾ ಬೇರಿನ ಮೇಲೆ ಬೆಳ್ಳಗೆ ಏನೋ ಕೂತಿತ್ತು. ನಾಲ್ವರೂ ಉಸಿರು ಬಿಗಿಹಿಡಿದು ಕೂತರು. ಎಂಥ ತಾಳ್ಮೆ ನೋಡಿ, ಕುತ್ತಿಗೆ ಕೂಡ ಅಲುಗಿಸುವುದಿಲ್ಲ ಎಂದು ಒಬ್ಬರು ಪಿಸುಗುಟ್ಟಿದರು. ಅದು ಪ್ಲಾಸ್ಟಿಕ್ ತೊಟ್ಟೆ, ಅಂಗಡಿಯಲ್ಲಿ ಕೊಡುವ ಚೀಲ, ಎಂದು ನನಗೆ ಮೊದಲ ನಿಮಿಷದಲ್ಲೇ ಗೊತ್ತಾಗಿತ್ತು. ಉಬ್ಬರದ ನೀರು ಪೇಟೆಯ ಕಸವನ್ನು ತಂದು ಬೇರಿಗೆ ಸಿಕ್ಕಿಸಿ ಹೋಗುವುದು ಇಲ್ಲಿ ದಿನನಿತ್ಯದ ಮಾತು. ಆದರೆ ಬಾಯಿ ತೆರೆಯುವ ಹಾಗಿಲ್ಲವಲ್ಲ. ಅರ್ಧ ಗಂಟೆ ಸೊಳ್ಳೆ ಕಚ್ಚಿಸಿಕೊಂಡು ಕೂತೆವು. ಕೊನೆಗೆ ಗಾಳಿ ಬೀಸಿ ತೊಟ್ಟೆ ಎದ್ದಿತು, ನಾಲ್ಕು ಕ್ಯಾಮೆರಾ ಒಟ್ಟಿಗೇ ಟಕಟಕ ಎಂದವು.

ವಾಪಸು ಬರುವಾಗ ಡಾಕ್ಟರು ಖುಷಿಯಲ್ಲಿ ಕೇಳಿದರು, "ಈಗ ಹೇಳಿ, ಅದು ವಲಸೆ ಬಂದದ್ದಾ?"

"ಅಲ್ಲ ಸರ್, ಇಲ್ಲಿಯದ್ದೇ. ವರ್ಷವಿಡೀ ಇರ್ತದೆ. ಈಚೆಗೆ ಸಂಖ್ಯೆ ತುಂಬ ಜಾಸ್ತಿ ಆಗಿದೆ."

ಅಪ್ಪನ ಪಕ್ಷಿಶಾಸ್ತ್ರ

ಕಾಲಲ್ಲಿ ಶಕ್ತಿ ಇದ್ದಷ್ಟು ದಿನ ಅಪ್ಪ ನನ್ನ ದೋಣಿಯ ತುದಿಯಲ್ಲಿ ಬೀಡಿ ಸೇದುತ್ತ ಕೂರುತ್ತಿದ್ದರು. ಒಮ್ಮೆ ಕಾಲೇಜಿನ ಲೆಕ್ಚರರ್ ಮೇಡಂ ಒಬ್ಬರು ಹಕ್ಕಿಗಳ ಊರಿನ ಹೆಸರು ಬರೆದುಕೊಳ್ಳಲು ಪುಸ್ತಕ ಹಿಡಿದು ಬಂದರು. ಇಷ್ಟು ವರ್ಷ ನೀರಲ್ಲಿದ್ದವರು ಸಿಕ್ಕಿದ್ದು ಅವರಿಗೆ ನಿಧಿ ಸಿಕ್ಕಿದಷ್ಟು ಸಂತೋಷ.

"ಅಜ್ಜ, ಈ ಬೆಳ್ಳಕ್ಕಿಗೆ ನೀವು ಎಂತ ಹೇಳ್ತೀರಿ?"

"ಕಳ್ಳ," ಎಂದರು ಅಪ್ಪ.

"ಆ ನೀರುಕಾಗೆಗೆ?"

"ಮುಳುಗುವ ಕಳ್ಳ. ಬಲೆಯ ಒಳಗಿಂದಲೇ ಎಳೀತದೆ."

"ಮಿಂಚುಳ್ಳಿಗೆ?"

"ಸಣ್ಣ ಕಳ್ಳ. ಅದರಿಂದ ಅಷ್ಟು ನಷ್ಟ ಇಲ್ಲ."

ಅಪ್ಪ ತಮಾಷೆ ಮಾಡುತ್ತಿರಲಿಲ್ಲ. ಬಲೆ ಬೀಸುವವನಿಗೆ ಹಕ್ಕಿಯ ಬಣ್ಣ ಕಟ್ಟಿಕೊಂಡು ಏನಾಗಬೇಕು? ಯಾರು ಎಷ್ಟು ಮೀನು ಕದಿಯುತ್ತಾರೆ ಎಂಬುದಷ್ಟೇ ಅವರ ಶಾಸ್ತ್ರ. ಲೆಕ್ಚರರ್ ಎಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಂಡರು. ಅಷ್ಟರಲ್ಲಿ ನಮ್ಮ ಜೌಗಿನ ಗಿಡಗಳ ಸಂದಿಯಲ್ಲಿ ಏನೋ ಹಳದಿ ಬಣ್ಣದ್ದು ಬಗ್ಗಿ ಬಗ್ಗಿ ಹೋಗುವುದು ಕಂಡಿತು. ಅವರು ದುರ್ಬೀನು ಎತ್ತುವ ಮೊದಲೇ ಕೇಳಿದರು, "ಅಜ್ಜ, ಅದು ಯಾವ ಕಳ್ಳ?"

ಅಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಹಳದಿ ಅಂಗಿ ಹಾಕಿದ ಭಾವ ಟೇಪು ಹಿಡಿದು ಜಾಗ ಅಳೆಯುತ್ತಿದ್ದರು.

"ಅದು ಕಳ್ಳ ಅಲ್ಲಮ್ಮ," ಎಂದರು ಅಪ್ಪ. "ಅಳಿಯ."

ಲೆಕ್ಚರರ್ ಅದನ್ನೂ ಬರೆದುಕೊಂಡರು.

ಚಿಟ್ಟೆ ಕೂರುವ ಹೂವು

ಮದುವೆಗೆ ಮೊದಲು ದೋಣಿಯಲ್ಲಿ ಫೋಟೋ ತೆಗೆಸಿಕೊಳ್ಳುವ ಜೋಡಿಗಳೂ ಬರುತ್ತವೆ. ಹಾಗೆ ಬಂದ ಒಂದು ಜೋಡಿಗೆ ಚಿಟ್ಟೆಗಳೇ ಬೇಕಿತ್ತು. ಅವರು ಬರುವ ಎರಡು ದಿನ ಮೊದಲೇ ತೋಡಿಗೆ ಯಾವುದೋ ಕಾರ್ಖಾನೆಯ ಕಪ್ಪು ನೀರು ಬಂದು ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ನನಗೆ ಅಳು ಬರುವುದೊಂದು ಬಾಕಿ. ಇವತ್ತು ಬೇಡ, ಇನ್ನೊಂದು ದಿನ ಬನ್ನಿ ಎಂದೆ.

ಕ್ಯಾಮೆರಾದವನು ಕೇಳಲಿಲ್ಲ. ಯಾಕೆಂದರೆ ದಡದಲ್ಲಿ ಕೊಳೆಯುತ್ತಿದ್ದ ಮೀನಿನ ರಾಶಿಯ ಮೇಲೆ ನೂರಾರು ಚಿಟ್ಟೆಗಳು ಕೂತಿದ್ದವು. ಚಿಟ್ಟೆಗೆ ಹೂವೇ ಆಗಬೇಕೆಂದಿಲ್ಲ, ಕೊಳೆತ ಮೀನಿನ ರಸವೂ ಆಗುತ್ತದೆ. "ಸೀನ್ ಸೂಪರ್ ಉಂಟು, ಮೂಗಿನಿಂದ ಕರ್ಚೀಫ್ ತೆಗೀರಿ," ಎಂದು ಅವನು ಬೊಬ್ಬೆ ಹಾಕುತ್ತಿದ್ದ. ಪ್ರತಿ ಫೋಟೋಕ್ಕೂ ಮದುಮಗಳು ನಕ್ಕಳು, ಪ್ರತಿ ಫೋಟೋ ಆದ ಕೂಡಲೇ ಮದುಮಗ ದೋಣಿಯ ಆಚೆ ಬದಿಗೆ ಬಗ್ಗಿ ವಾಂತಿ ಮಾಡಿದ.

ಹದಿನೈದು ದಿನದ ಮೇಲೆ ಹುಡುಗಿಯ ತಾಯಿ ಫೋನ್ ಮಾಡಿದರು. ಫೋಟೋ ಭಾರೀ ಚಂದ ಬಂದಿದೆಯಂತೆ. ಎರಡನೆಯ ಮಗಳದ್ದೂ ಅಲ್ಲೇ ತೆಗೆಸಬೇಕಂತೆ. "ಅಷ್ಟು ಚಿಟ್ಟೆ ಬರ್ತದಲ್ಲ, ಆ ಹೂವು ಯಾವ ತಿಂಗಳಲ್ಲಿ ಆಗುವುದು?"

"ಅದು ಕಪ್ಪು ನೀರು ಬಿಡುವವರ ಕೈಯಲ್ಲಿ ಉಂಟಮ್ಮ," ಎಂದೆ.

ಬಾಳೆಲೆಯ ಮುಂದೆ

ಕೊನೆಯ ತಿಂಗಳುಗಳಲ್ಲಿ ಅಪ್ಪನಿಗೆ ಉಸಿರೇ ಸಿಗುತ್ತಿರಲಿಲ್ಲ. ಒಂದು ಸಲ ದೋಣಿಯಲ್ಲಿ ಕೂರಿಸು ಎನ್ನುತ್ತಿದ್ದರು. ಇವತ್ತು ಗಿರಾಕಿ ಇದ್ದಾರೆ, ನಾಳೆ ಎನ್ನುತ್ತಿದ್ದೆ. ಆ ನಾಳೆ ಬರಲೇ ಇಲ್ಲ.

ಅಪ್ಪನ ನಂತರ ಮನೆಯಲ್ಲಿ ಮಾತು ಅಣ್ಣನದ್ದು. ಭಾವ ದಿನಾ ಬಂದು ಅವನ ತಲೆ ತಿನ್ನುತ್ತಿದ್ದರು. ಜಾಗ ಮಾರಬೇಡ ಎಂದು ನಾನು ಹೇಳಿದರೆ, ನಿನಗೆ ನಿನ್ನ ದೋಣಿಯದ್ದೇ ಚಿಂತೆ ಎನ್ನುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ. ಅಣ್ಣ ಮಾತ್ರ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ.

ಉತ್ತರಕ್ರಿಯೆಯ ದಿನ ಅಂಗಳದ ತುದಿಯಲ್ಲಿ ಬಾಳೆಲೆ ಹಾಸಿ ಕಾಗೆಗೆ ಅನ್ನ ಇಟ್ಟೆವು. ಕಾಗೆ ಮುಟ್ಟದೆ ಯಾರಿಗೂ ಊಟ ಇಲ್ಲ. ಕಾಗೆಗಳಿಗೇನೂ ಬರಗಾಲ ಇರಲಿಲ್ಲ, ಮೂವತ್ತು ನಲವತ್ತು ಅಲ್ಲೇ ಇದ್ದವು. ಆದರೆ ತೆಂಗಿನ ಮರದ ತುದಿಯಲ್ಲಿ ಒಂದು ಗರುಡ ಉಗುರಿನಲ್ಲಿ ಮೀನು ಹಿಡಿದು ಕೂತಿತ್ತು. ಕಾಗೆಗಳೆಲ್ಲ ಅದರ ಸುತ್ತ ಹಾರುತ್ತ ಕಿರುಚುತ್ತಿದ್ದವು, ಕೆಳಗಿನ ಅನ್ನದ ಕಡೆ ಒಂದೂ ತಿರುಗಲಿಲ್ಲ. ಬೇರೆ ಹಕ್ಕಿಯಾಗಿದ್ದರೆ ಯಾರಾದರೂ ಕಲ್ಲೆಸೆದು ಓಡಿಸುತ್ತಿದ್ದರು. ಗರುಡನಿಗೆ ಕಲ್ಲು ಹೊಡೆಯುವವರು ಯಾರು? ಎಲ್ಲರೂ ಕೈ ಮುಗಿದರು.

"ನನ್ನ ಅಣ್ಣನಿಗೆ ಎಂತದೋ ಆಸೆ ಉಳಿದಿದೆ," ಎಂದು ಅತ್ತೆ, ಅಪ್ಪನ ತಂಗಿ, ಅಳತೊಡಗಿದರು. ಬೀಡಿ ಹಚ್ಚಿ ಇಟ್ಟರು. ಬ್ರಾಂದಿ ಇಟ್ಟರು. ಅಪ್ಪನ ಕನ್ನಡಕ ಇಟ್ಟರು. ಅಡಿಗೆಯವರು ಸಾರನ್ನು ಎರಡನೆಯ ಸಲ ಬಿಸಿ ಮಾಡಿದರು. ಭಾವ ಮುಂದೆ ಬಂದು, "ಮಾವ, ಆ ಲಾರಿ ಯಾರ್ಡಿಗೆ ನಿಮ್ಮದೇ ಹೆಸರು ಇಡಿಸ್ತೇನೆ," ಎಂದರು. ಮೇಲೆ ಕಾಗೆಗಳ ಗಲಾಟೆ ಇನ್ನೂ ಜೋರಾಯಿತು.

"ಹೋದವನಿಗೆ ಅದೇ ಚಿಂತೆ, ಆ ಜಾಗದ್ದು," ಎಂದರು ಅತ್ತೆ. ಚಪ್ಪರದಲ್ಲಿದ್ದವರೆಲ್ಲ ಅಣ್ಣನ ಮುಖ ನೋಡಿದರು.

ಮೀನು ಮುಗಿದರೆ ಗರುಡ ತಾನಾಗಿಯೇ ಹೋಗುತ್ತದೆ, ಕಾಗೆಗಳು ತಾವಾಗಿಯೇ ಇಳಿಯುತ್ತವೆ ಎಂದು ನನಗೆ ಗೊತ್ತಿತ್ತು. ಹೇಳಬಹುದಿತ್ತು. ತುಟಿ ಬಿಚ್ಚಲಿಲ್ಲ. ಅಣ್ಣ ಎಷ್ಟೋ ಹೊತ್ತು ಮೇಲೆ ನೋಡುತ್ತ ಕೈ ಮುಗಿದು ನಿಂತಿದ್ದ. ಆಮೇಲೆ ಗಟ್ಟಿಯಾಗಿ ಹೇಳಿದ, "ಅಪ್ಪ, ಆ ಜಾಗ ಮಾರುವುದಿಲ್ಲ. ಮಣ್ಣು ಹಾಕ್ಲಿಕ್ಕೆ ಬಿಡುವುದಿಲ್ಲ. ಎಲ್ಲರ ಎದುರು ಹೇಳ್ತೇನೆ."

ಒಂದು ನಿಮಿಷ ಆಗಿರಲಿಕ್ಕಿಲ್ಲ. ಗರುಡ ಎದ್ದು ಹೊಳೆಯ ಕಡೆ ಹೋಯಿತು, ಎರಡು ಕಾಗೆ ನೇರ ಎಲೆಗೆ ಇಳಿದವು. ಅತ್ತೆ ಬಿಕ್ಕಿ ಬಿಕ್ಕಿ ಅತ್ತರು. ಭಾವನೂ ಕೈ ಮುಗಿದರು, ಸತ್ತ ಮಾವನ ಜೊತೆ ವಾದ ಮಾಡುವುದು ಹೇಗೆ?

ನನಗೆ ಊಟ ಸೇರಲಿಲ್ಲ. ಅಪ್ಪನ ಕ್ರಿಯೆಯ ದಿನವೇ ಒಡಹುಟ್ಟಿದವನಿಗೆ ಮೋಸ ಮಾಡಿದೆನಲ್ಲ ಎಂದು ಮನಸ್ಸು ಕೊರೆಯುತ್ತಿತ್ತು. ಸಂಜೆ ಕುರ್ಚಿ ಮಡಚುವಾಗ ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. "ಕಾಗೆ ಬಾರದ್ದು ಆ ಗರುಡನಿಂದ ಅಣ್ಣ. ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನೆ ನಿಂತೆ."

ಅಣ್ಣ ಕುರ್ಚಿ ಮಡಚುವುದನ್ನು ನಿಲ್ಲಿಸಲಿಲ್ಲ.

"ನಿನಗೊಬ್ಬನಿಗೇ ಗೊತ್ತಿದ್ದದ್ದಾ? ನಾನೂ ಅಪ್ಪನ ಮಗನೇ. ಭಾವನಿಗೆ ಇಲ್ಲ ಅಂತ ಹೇಳ್ಲಿಕ್ಕೆ ನನಗೆ ಇಷ್ಟು ದಿನ ಬಾಯಿ ಬರ್ಲಿಲ್ಲ. ಮೀನಿನ ಬಾಲ ಮಾತ್ರ ಉಳಿಯುವವರೆಗೆ ಕಾದು ನಿಂತೆ ಮಾರಾಯ. ಮೊದಲೇ ಮಾತು ಕೊಟ್ಟು ಕಾಗೆ ಬಾರದಿದ್ರೆ, ಮಾರು ಅಂತ ಅಪ್ಪನೇ ಹೇಳಿದ ಹಾಗೆ ಆಗ್ತಿತ್ತು."