ಹೆರಾಲ್ಡಿನ ಹಿಂದೆ ಹೋದ ಅಳಿಯ

ಯಲಹಂಕದಿಂದ ಯಶವಂತಪುರದ ರೈಲು ನಿಲ್ದಾಣಕ್ಕೆ ಹೋಗಿ, ಒಬ್ಬ ಹೆಂಗಸನ್ನೂ ಎರಡು ಚೀಲಗಳನ್ನೂ ಕಾರಿನಲ್ಲಿ ಕೂರಿಸಿಕೊಂಡು ಮನೆಗೆ ಬರುವುದು ಎಷ್ಟರ ಕೆಲಸ? ಇಪ್ಪತ್ತು ವರ್ಷದಿಂದ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿ ಸಾವಿರಾರು ಪುಸ್ತಕಗಳನ್ನು ಅವುಗಳ ಜಾಗಕ್ಕೆ ತಲುಪಿಸಿದವನಿಗೆ ಇದೊಂದು ಕೆಲಸವೇ? ಹೆಂಡತಿಗೆ ಹಾಗೆಯೇ ಹೇಳಿದೆ. ಅವಳು ನಂಬಲಿಲ್ಲ. ಹದಿನೇಳು ವರ್ಷ ನನ್ನ ಜೊತೆ ಸಂಸಾರ ಮಾಡಿದವಳು, ನಂಬದಿರಲು ಅವಳಿಗೆ ಕಾರಣಗಳಿದ್ದವು.

ಬರುತ್ತಿದ್ದವರು ಶಾರದಾಳ ದೊಡ್ಡವ್ವ, ಅಂದರೆ ಅವಳ ತಾಯಿಯ ಅಕ್ಕ. ಊರು ಗದಗ. ಶಾರದಾ ನಾಲ್ಕು ವರ್ಷದವಳಿದ್ದಾಗ ತಾಯಿ ತೀರಿಹೋದರು. ಜಡೆ ಹಾಕಿ, ಶಾಲೆಗೆ ಕಳಿಸಿ, ಕೊನೆಗೆ ನನ್ನಂಥವನಿಗೆ ಧಾರೆ ಎರೆದು ಕೊಟ್ಟವರು ಇದೇ ದೊಡ್ಡವ್ವ. ಆರು ವರ್ಷದ ಹಿಂದೆ ಅವರು ನಮ್ಮ ಮನೆಗೆ ಬಂದಾಗ ನಾನು ನಿಲ್ದಾಣಕ್ಕೆ ಹೋಗದೆ ಮೊಬೈಲಿನಲ್ಲೇ ಟ್ಯಾಕ್ಸಿ ಕರೆದು ಕಳಿಸಿದ್ದೆ. ‘ಅಳಿಯ ಬರಲಿಲ್ಲ’ ಎಂಬ ಎರಡೇ ಮಾತು ಆಡಿ ಅವರು ಮೂರನೆಯ ದಿನಕ್ಕೆ ಊರಿಗೆ ಹೊರಟುಬಿಟ್ಟಿದ್ದರು. ಆಮೇಲೆ ಬೆಂಗಳೂರಿನ ಕಡೆ ತಲೆ ಹಾಕಿರಲಿಲ್ಲ. ಈ ಸಲ ಶಾರದಾ ತಿಂಗಳುಗಟ್ಟಲೆ ಫೋನಿನಲ್ಲಿ ಬೇಡಿಕೊಂಡು ಒಪ್ಪಿಸಿದ್ದಳು.

ಶಾರದಾ ದಿನನಿತ್ಯಕ್ಕೆ ಬೆಂಗಳೂರು ಕನ್ನಡವನ್ನೇ ಆಡುತ್ತಾಳೆ. ವಿಷಯ ಗಂಭೀರವಾದರೆ ಮಾತ್ರ ಗದಗಿನ ಕನ್ನಡ ಹೊರಬರುತ್ತದೆ. ಅಂದು ಬೆಳಗ್ಗೆ ಆರಕ್ಕೇ ಬಂದಿತ್ತು.

“ಆಕಿ ಕಾಲು ಕೆಳಗ ಇಡೂದ್ರಾಗ ನಿಮ್ಮ ಮಾರಿ ಕಾಣಬೇಕು. ತಿಳೀತಿಲ್ಲೊ?”

“ಆಯ್ತು ಕಣೇ.”

“ಹಾದ್ಯಾಗ ಯಾವುದರೆ ಹಳೇ ಕಾರ್ ಕಂಡರ?”

“ನೋಡೋದೇ ಇಲ್ಲ.”

“ಆಣಿ ಮಾಡ್ರಿ.”

ಆಣೆ ಮಾಡಿದೆ. ಆಗ ನನಗೆ ನನ್ನ ಮೇಲೆ ಪೂರ್ತಿ ನಂಬಿಕೆಯಿತ್ತು.

ಇಲ್ಲಿ ನನ್ನ ಕಾಯಿಲೆಯ ಬಗ್ಗೆ ಸ್ವಲ್ಪ ಹೇಳಬೇಕು. ರಸ್ತೆಯಲ್ಲಿ ಹಳೆಯ ಕಾರು ಕಂಡರೆ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ವಸ್ತುಪ್ರದರ್ಶನದಲ್ಲಿ ತೊಳೆದು ನಿಲ್ಲಿಸಿದ ಕಾರುಗಳಲ್ಲ. ಅವನ್ನು ಯಾರು ಬೇಕಾದರೂ ನೋಡಬಹುದು. ಹಾಲಿನ ಗಾಡಿ, ನೀರಿನ ಟ್ಯಾಂಕರ್, ಆಟೋಗಳ ನಡುವೆ ತರಕಾರಿ ತರಲು ಹೊರಟ ಪದ್ಮಿನಿ ಕಾರನ್ನು ಪತ್ತೆ ಹಚ್ಚುವುದರಲ್ಲಿ ಒಂದು ಪುರುಷಾರ್ಥವಿದೆ. ಆರ್.ಟಿ. ನಗರದ ಗಲ್ಲಿಯೊಂದರಲ್ಲಿ ಹಳೆ ಕಾಂಟೆಸ್ಸಾ ಕಾರು ನೋಡುತ್ತಾ ನಿಂತು, ಹಲ್ಲಿನ ಡಾಕ್ಟರ ಬಳಿ ಶಾರದಾಳನ್ನು ಒಂದೂವರೆ ಗಂಟೆ ಮರೆತವನು ನಾನು. ನನ್ನ ಫೋನಿನಲ್ಲಿ ನಮ್ಮಿಬ್ಬರ ಫೋಟೋಗಳಿಗಿಂತ ಅಂಬಾಸಿಡರ್‌ಗಳ ಹಿಂಬದಿಯ ದೀಪಗಳೇ ಜಾಸ್ತಿ!

ರೈಲು ಎಂಟಕ್ಕೆ. ಆರೂವರೆಗೇ ಹೊರಟೆ. ಎಂ.ಎಸ್. ಪಾಳ್ಯ ದಾಟುವವರೆಗೆ ನಾನು ಆದರ್ಶ ಅಳಿಯನಾಗಿದ್ದೆ. ಗಂಗಮ್ಮನಗುಡಿ ಸರ್ಕಲ್‌ನಲ್ಲಿ ನನ್ನ ಮುಂದೆ ಇದ್ದ ಶಾಲಾ ಬಸ್ಸು ಪಕ್ಕಕ್ಕೆ ಸರಿಯಿತು. ಅದರಾಚೆ ಒಂದು ಹೆರಾಲ್ಡ್ ನಿಂತಿತ್ತು.

ಹೆರಾಲ್ಡ್ ಎಂದರೆ ಅರವತ್ತರ ದಶಕದ ಪುಟ್ಟ ಕಾರು. ಇದು ಎರಡೇ ಬಾಗಿಲಿನದು! ತಿಳಿನೀಲಿ ಮೈ, ಬಿಳಿ ಟಾಪು. ಹಬ್ಬದ ದಿನ ಹೊಸ ಬಟ್ಟೆ ಹಾಕಿಕೊಂಡ ಮಗುವಿನ ಹಾಗೆ ಅದು ಬಲಕ್ಕೆ, ಅಬ್ಬಿಗೆರೆ ರಸ್ತೆಗೆ ತಿರುಗಿತು. ನಾನು ಹೋಗಬೇಕಿದ್ದದ್ದು ನೇರಕ್ಕೆ.

ಗಡಿಯಾರ ನೋಡಿದೆ. ಏಳಾಗಿತ್ತು. ಐದು ನಿಮಿಷ ಹಿಂಬಾಲಿಸಿ, ಒಂದು ಫೋಟೋ ತೆಗೆದು, ಹಿಂತಿರುಗಿದರೂ ರೈಲಿಗಿಂತ ಮೊದಲೇ ಪ್ಲಾಟ್‌ಫಾರ್ಮ್‌ನಲ್ಲಿರುತ್ತೇನೆ. ಆಣೆಯ ವಿಷಯ? ಹಳೆ ಕಾರು ‘ಕಂಡರೆ’ ಎಂದಿದ್ದಳು. ಇದು ತಾನಾಗಿಯೇ ಎದುರು ಬಂದದ್ದು. ಬಲಕ್ಕೆ ತಿರುಗಿಸಿದೆ.

ಕಾಲು ಕಿಲೋಮೀಟರ್ ಹೋಗುವಷ್ಟರಲ್ಲಿ ಹೆರಾಲ್ಡ್ ಎರಡು ಸಲ ಕೆಮ್ಮಿ ನಿಂತಿತು. ನನ್ನ ಭಾಗ್ಯವೆಂದುಕೊಂಡೆ! ಕಾರನ್ನು ಯಾವುದೋ ಗೇಟಿನ ಪಕ್ಕ ನಿಲ್ಲಿಸಿ ಓಡಿದೆ. ಸ್ಟೀರಿಂಗ್ ಹಿಡಿದು ಕೂತಿದ್ದವರು ಎಪ್ಪತ್ತು ದಾಟಿದ, ಬಿಳಿ ಪಂಚೆಯ ಯಜಮಾನರು. ಹೆಸರು ಮುನಿರಾಜಪ್ಪ. ಅಬ್ಬಿಗೆರೆ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಅಲ್ಲಿಯವರು.

“ಗಾಡಿ ನೋಡಕ್ ಬಂದ್ರಾ ಸಾಮಿ?” ಎಂದರು, ನಾನು ಬಾಯಿ ತೆರೆಯುವ ಮೊದಲೇ. “ನಮ್ಮಪ್ಪಂದು ಕಣ್ರೀ ಇದು. ಬರೋರೆಲ್ಲಾ ನೋಡ್ತಾರೆ.”

“ಏನಾಯ್ತು ಸಾರ್? ಕಾರ್ಬುರೇಟರ್ ತೊಂದ್ರೆನಾ?”

“ಗಾಡಿ ಮ್ಯಾಗೆ ತಪ್ಪು ಒರುಸ್ಬ್ಯಾಡಿ. ಪೆಟ್ರೋಲ್ ಆಗೋಗದೆ. ಆಕುಸ್ಬೇಕಿತ್ತು, ಮರ್ತೋದೆ. ಸರ್ಕಲ್ ದಾಟುದ್ರೆ ಬಂಕ್ ಐತೆ. ಇಂಗೆ ತಿರುಗುಸ್ಕೊಂಡು ಒಸಿ ತಳ್ತೀರಾ?”

ನಾನು ತಳ್ಳುತ್ತೇನೆ, ಅವರೂ ಒಂದು ಕೈ ಕೊಡುತ್ತಾರೆ ಎಂದುಕೊಂಡೆ. ಅವರು ಸೀಟಿನಿಂದ ಏಳಲಿಲ್ಲ.

“ಆರ್ಟ್‌ಗೆ ಸ್ಟಂಟ್ ಆಕವ್ರೆ. ಡಾಕ್ಟ್ರು ಬಕೆಟ್ ನೀರೂ ಎತ್ಬ್ಯಾಡ ಅಂದವ್ರೆ.”

ಹೆರಾಲ್ಡನ್ನು ಮುಟ್ಟುವುದೇ ಒಂದು ಪುಣ್ಯವೆಂದು ನಂಬಿದವನು ನಾನು. ಎರಡೂ ಅಂಗೈ ಊರಿ ಮುಟ್ಟಿದೆ. ಬರುವಾಗ ಸಮತಟ್ಟಾಗಿದ್ದ ರಸ್ತೆ, ತಳ್ಳುವಾಗ ಏರಾಗುತ್ತದೆ ಎಂಬ ಸತ್ಯ ಅಂದು ತಿಳಿಯಿತು. ಇಸ್ತ್ರಿಯ ಅಂಗಿ ಬೆನ್ನಿಗಂಟಿತು. ಒಳಗಿನಿಂದ ಯಜಮಾನರು “ಅಂಗೇ, ಅಂಗೇ, ಬುಡ್ಬ್ಯಾಡಿ!” ಎಂದು ಹುರಿದುಂಬಿಸುತ್ತಿದ್ದರು. ಮಧ್ಯದಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಂಡು, ಸರ್ಕಲ್‌ನ ನಟ್ಟನಡುವಿಗೆ ಬರುವಷ್ಟರಲ್ಲಿ ನನ್ನ ಮಂಡಿಗಳು ರಾಜೀನಾಮೆ ಕೊಟ್ಟವು. ಎದುರಿನಿಂದ ಬಸ್ಸೊಂದು ಬಂದು ನಿಂತಿತು. ಹಿಂದಿನಿಂದ ಟ್ಯಾಂಕರ್. ಎಡಕ್ಕೆ ಜಲ್ಲಿ ಲಾರಿ. ಹೆರಾಲ್ಡ್ ಒಂದು ಇಂಚೂ ಅಲುಗಲಿಲ್ಲ.

“ನೀವ್ ಒಳಗ್ ಕೂತ್ಕೊಂಡು ಬ್ರೇಕ್ ಮ್ಯಾಗೆ ಕಾಲಿಕ್ಕಿ ಸಾಮಿ. ನಾನೋಗಿ ಕ್ಯಾನ್‌ನಾಗೆ ತತ್ತೀನಿ,” ಎಂದು ಮುನಿರಾಜಪ್ಪನವರು ಇಳಿದರು. ಬಕೆಟ್ ನೀರೂ ಎತ್ತಬಾರದಿದ್ದ ಮನುಷ್ಯ, ಖಾಲಿ ಕ್ಯಾನ್ ಹಿಡಿದು ಬಸ್ಸು ಲಾರಿಗಳ ಸಂದಿಯಲ್ಲಿ ಚಿಗರೆಯಂತೆ ಮಾಯವಾದರು.

ಹೀಗೆ ನಾನು ಜೀವನದಲ್ಲಿ ಮೊದಲ ಬಾರಿಗೆ ಹೆರಾಲ್ಡಿನ ಚಾಲಕನ ಸೀಟಿನಲ್ಲಿ ಕೂತೆ. ಕನಸು ನನಸಾಗುವಾಗ ಸುತ್ತಲೂ ಇಷ್ಟೊಂದು ಹಾರ್ನ್ ಇರುತ್ತದೆಂದು ಯಾರೂ ಹೇಳಿರಲಿಲ್ಲ!

ಜನ ಸೇರಿದರು. ತಳ್ಳುವುದಕ್ಕಲ್ಲ, ಫೋಟೋಗೆ. “ಸಾರ್, ಸ್ವಲ್ಪ ಈ ಕಡೆ ನೋಡಿ” ಎಂದ ಒಬ್ಬ. “ಮೈಲೇಜ್ ಎಷ್ಟು ಕೊಡುತ್ತೆ?” ಇನ್ನೊಬ್ಬನ ಪ್ರಶ್ನೆ. “ಹಿಂಗೆ ರೋಡಲ್ಲಿ ನಿಲ್ಲೋ ಗಾಡಿ ಯಾಕೆ ಗುರು ತರ್ತೀರಾ? ಮ್ಯೂಸಿಯಮ್‌ಗೆ ಕೊಡಿ!” ಎಂದು ಬೈಕಿನವನು ಉಪದೇಶ ಮಾಡಿದ.

ಅಷ್ಟರಲ್ಲಿ ಶಾರದಾಳ ಫೋನು.

“ಗಾಡಿ ಹತ್ತು ನಿಮಿಷ ಮೊದಲೇ ಬಂದೈತಂತ. ದೊಡ್ಡವ್ವ ಇಳದು ನಿಂತಾಳ. ನೀವೆಲ್ಲಿ ಅದೀರಿ?”

ಎಂಟಾಗಲು ಇನ್ನೂ ಐದು ನಿಮಿಷವಿತ್ತು. ನನ್ನ ಲೆಕ್ಕದ ಐದು ನಿಮಿಷ ಯಾವಾಗ ಐವತ್ತೈದಾಗಿತ್ತೋ!

“ಟ್ರಾಫಿಕ್ ಜಾಮಲ್ಲಿ ಸಿಕ್ಕಾಕ್ಕೊಂಡಿದ್ದೀನಿ ಶಾರದಾ. ಭಯಂಕರ ಜಾಮ್. ಹಾರ್ನ್ ಕೇಳಿಸ್ತಿಲ್ವಾ?”

ಸುಳ್ಳಲ್ಲ. ಜಾಮ್ ಇತ್ತು. ಅದರ ಮೂಲಸ್ಥಾನದಲ್ಲಿ ನಾನೇ ವಿರಾಜಮಾನನಾಗಿದ್ದೆ. ಅವಳು “ಹೌದಾ, ಪಾಪ” ಎಂದಳು. ಆ ‘ಪಾಪ’ ಮಾತ್ರ ಎದೆಗೆ ಚುಚ್ಚಿತು.

ಆಮೇಲೆ ಟ್ರಾಫಿಕ್ ಪೊಲೀಸಿನವರು ಬಂದರು.

“ತೆಗೀರಿ ಗಾಡಿ. ಡಾಕ್ಯುಮೆಂಟ್ ತೋರ್ಸಿ.”

“ಗಾಡಿ ನಂದಲ್ಲ ಸಾರ್.”

“ಮತ್ತೆ ಯಾರ್ದು?”

“ಮುನಿರಾಜಪ್ಪ ಅಂತ.”

“ನಿಮ್ಗೆ ಏನಾಗ್ಬೇಕು ಅವ್ರು?”

“ಏನೂ ಆಗಲ್ಲ. ಈಗ್ ತಾನೇ ಪರಿಚಯ.”

“ಪರಿಚಯ ಇಲ್ದೋರ ಗಾಡೀಲಿ ಯಾಕ್ರೀ ಕೂತಿದ್ದೀರಾ?”

“ಅವರಿಗೆ ಸ್ಟೆಂಟ್ ಹಾಕಿದ್ದಾರೆ ಸಾರ್.”

ಅವರು ನನ್ನ ಮುಖ ನೋಡಿದರು. ಅವರ ಕಣ್ಣಿನಲ್ಲಿದ್ದ ಸುಸ್ತು, ಆ ಕ್ಷಣದಲ್ಲಿ ನನ್ನೊಳಗಿನ ಸುಸ್ತಿನ ಸ್ವಂತ ತಮ್ಮನಂತಿತ್ತು. ಟೋಪಿ ತೆಗೆದು ಬೆವರು ಒರೆಸಿಕೊಂಡು, ಬಸ್ಸನ್ನು ಹಿಂದಕ್ಕೆ ಸರಿಸಲು ಹೋದರು.

ಮುನಿರಾಜಪ್ಪನವರ ಸುಳಿವಿರಲಿಲ್ಲ. ಎಂಟೂವರೆಯಾಗುತ್ತಾ ಬಂದಿತ್ತು. ಶಾರದಾಳ ಫೋನು ಮೂರು ಸಲ ಬಡಿದುಕೊಂಡಿತು. ಎತ್ತುವ ಧೈರ್ಯ ಬರಲಿಲ್ಲ. ಯಶವಂತಪುರದ ಕಡೆಯಿಂದ ಬರುವ ರಸ್ತೆಯಲ್ಲಿ ನಿಂತ ಆಟೋಗಳ ಸಾಲಿನಿಂದ ಯಾರೋ ಇಳಿದು ನಡೆದು ಬರುತ್ತಿದ್ದರು. ಇಳಕಲ್ ಸೀರೆ. ಹಣೆಯ ಮೇಲೆ ವಿಭೂತಿ. ಕಂಕುಳಲ್ಲಿ ಬಟ್ಟೆಯ ಗಂಟು, ಒಳಗೆ ರೊಟ್ಟಿಯೇ ಇರಬೇಕು.

ಸ್ಟೀರಿಂಗಿನ ಕೆಳಗೆ ತಲೆ ಬಗ್ಗಿಸಿ ಅಡಗಲು ನೋಡಿದೆ. ಹೆರಾಲ್ಡ್ ಬಹಳ ಚಿಕ್ಕ ಕಾರು.

“ಅಳ್ಯಾರ?” ದೊಡ್ಡವ್ವ ಕಿಟಕಿಯಲ್ಲಿ ಬಗ್ಗಿ ನೋಡಿದರು. “ನೀವು ಏನ್ ಮಾಡಾಕತ್ತೀರಿಲ್ಲಿ?”

“ನಿಮ್ಮನ್ನ ಕರ್ಕೊಂಡ್ ಬರೋಕೆ ಹೊರಟಿದ್ದೆ ದೊಡ್ಡವ್ವಾ.”

“ಇದರಾಗ?”

“ಇಲ್ಲ. ಇದು ನಂದಲ್ಲ.”

“ನಿಮ್ಮದೆಲ್ಲೈತಿ?”

“ಅಲ್ಲಿ, ಅಬ್ಬಿಗೆರೆ ರೋಡಲ್ಲಿ.”

“ಅದು ಟೇಶನ್ ಹಾದಿ ಏನು?”

“ಅಲ್ಲ.”

ಅವರು ಗಂಟನ್ನು ನನ್ನ ತೊಡೆಯ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಫೋಟೋ ತೆಗೆಯುತ್ತಿದ್ದವರ ಕಡೆ ತಿರುಗಿದರು.

“ಏನ್ ನೋಡಾಕತ್ತೀರೊ? ಗಾಡಿ ಕಂಡಿಲ್ಲೇನು? ಕೈಯಾನ ಫೋನ್ ಕಿಸೇದಾಗ ಹಾಕ್ರಿ. ನೂಕ್ರಿ ಎಲ್ಲಾರೂ!”

ಅರ್ಧ ಗಂಟೆ ಮೈಲೇಜು ಕೇಳುತ್ತಾ ನಿಂತಿದ್ದ ಗಂಡಸರು ಒಬ್ಬರ ಹಿಂದೊಬ್ಬರು ಫೋನು ಕಿಸೆಗೆ ಹಾಕಿದರು. ಒಂದೇ ನಿಮಿಷ! ಹೆರಾಲ್ಡ್ ಹೂವಿನ ಹಾಗೆ ತೇಲಿಹೋಗಿ ರಸ್ತೆಯ ಅಂಚಿಗೆ ನಿಂತಿತು. ಬಸ್ಸು ಹೊರಟಿತು, ಲಾರಿ ಹೊರಟಿತು. ಟ್ರಾಫಿಕ್‌ನವರು ದೊಡ್ಡವ್ವನಿಗೆ ಕೈ ಮುಗಿದರು.

“ನೀವು ಇಲ್ಲೇ ಇರ್ರಿ, ನಂಬಿ ಕೊಟ್ಟವರ ಗಾಡಿ ಬಿಟ್ಟು ಬರಬಾರದು,” ಎಂದು ದೊಡ್ಡವ್ವ ಗಂಟು ತೆಗೆದುಕೊಂಡು ಅದೇ ಆಟೋ ಹತ್ತಿ ಯಲಹಂಕಕ್ಕೆ ಹೋದರು. ಒಂದು ಕಠಿಣ ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಮುನಿರಾಜಪ್ಪನವರು ಬಂದದ್ದು ಒಂಬತ್ತಕ್ಕೆ. “ಬಂಕ್‌ನಾಗೆ ಕ್ಯಾನ್‌ಗೆ ಆಕಲ್ಲ ಅಂದ್ರು. ಗೊತ್ತಿರೋ ಮೆಕ್ಯಾನಿಕ್ ತಾವ ಈಸ್ಕೊಂಡ್ ಬಂದೆ. ಅಂಗೇ ಒಂದು ಕಾಪಿ ಕುಡುದೆ,” ಎಂದರು. ಪೆಟ್ರೋಲ್ ಸುರಿದರು. ಹೆರಾಲ್ಡ್ ಮೊದಲ ಯತ್ನಕ್ಕೇ ಚಾಲೂ ಆಗಿ, ಅಬ್ಬಿಗೆರೆ ಕಡೆ ತಿರುಗಿ, ನೀಲಿ ಚುಕ್ಕೆಯಾಗಿ ಕರಗಿತು. ಆಗಲೇ ನೆನಪಾದದ್ದು: ನಾನು ಒಂದೇ ಒಂದು ಫೋಟೋ ತೆಗೆದಿರಲಿಲ್ಲ!

ಕಾಲೆಳೆದುಕೊಂಡು ನನ್ನ ಕಾರಿನ ಹತ್ತಿರ ಹೋದೆ. ಅದರ ಮುಂದಿನ ಚಕ್ರಕ್ಕೆ ಬೀಗ ಬಿದ್ದಿತ್ತು. ಪಕ್ಕದಲ್ಲಿ ಅದೇ ಟ್ರಾಫಿಕ್‌ನವರು ಚೀಟಿ ಬರೆಯುತ್ತಿದ್ದರು. ನನ್ನನ್ನು ನೋಡಿ ಪೆನ್ನು ನಿಲ್ಲಿಸಿದರು.

“ಆ ಗಾಡಿ ನಿಮ್ದಲ್ಲ ಅಂದ್ರಿ. ಇದಾದ್ರೂ ನಿಮ್ದೇನಾ?”

“ಹೂಂ ಸಾರ್.”

“ಖುಷಿ ಆಯ್ತು,” ಎಂದು ಚೀಟಿ ಹರಿದು ಕೊಟ್ಟರು.

ಮನೆ ಮುಟ್ಟುವಾಗ ಹನ್ನೊಂದಾಗಿತ್ತು. ದೊಡ್ಡವ್ವ ಪಡಸಾಲೆಯಲ್ಲಿ ಕೂತು ಗದಗಿಗೆ ಫೋನು ಹಚ್ಚಿ, ಅಳಿಯ ಊರ ನಡುವೆ ಹೇಗೆ ಕೂತಿದ್ದನೆಂದು ಯಾರಿಗೋ ವಿವರಿಸುತ್ತಿದ್ದರು. ಶಾರದಾ ನನ್ನ ಮುಂದೆ ಉಪ್ಪಿಟ್ಟಿನ ತಟ್ಟೆಯಿಟ್ಟಳು. ಆರಿ ಗಟ್ಟಿಯಾಗಿತ್ತು. ಬೈಗುಳಕ್ಕೆ ಬೆನ್ನು ಒಡ್ಡಿ ಕಾದೆ.

“ನಾ ಆಕೀಗೆ ಏನಂತ ಹೇಳಿ ಕರಸಿದ್ದೆ ಗೊತ್ತೇನ್ರಿ?” ಎಂದಳು, ಬಹಳ ಮೆಲ್ಲಗೆ. “ಈಗ ಅವರು ಬದಲಾಗ್ಯಾರ ಅಂತ.”

ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟೆ. “ತಪ್ಪಾಯ್ತು ಶಾರದಾ,” ಎಂದೆ. ಅವಳು ನೀರಿನ ಲೋಟ ನನ್ನ ಕಡೆ ತಳ್ಳಿ ಒಳಗೆ ಹೋದಳು.

ಅಡುಗೆಮನೆಯಿಂದ ದೊಡ್ಡವ್ವನ ದನಿ ಆಮೇಲೆ ಕೇಳಿಸಿತು. “ಬಿಡವ್ವ, ಬೈಬ್ಯಾಡ. ಅವಂಗ ಕಾರಿನ ಹುಚ್ಚಾದ್ರೂ ಐತಿ. ನಿಮ್ಮ ದೊಡ್ಡಪ್ಪಗ ಅದೂ ಇರಲಿಲ್ಲ, ಬರೇ ನಿದ್ದಿ.” ಶಾರದಾ ಸಣ್ಣಗೆ ನಕ್ಕಳು. ಆ ನಗುವಿನಲ್ಲಿ ನನಗೆ ಪಾಲಿರಲಿಲ್ಲ. ಆದರೂ ಕೇಳಿ ಸಮಾಧಾನವಾಯಿತು. ದೊಡ್ಡವ್ವ ಈ ಸಲ ಹತ್ತು ದಿನ ಇರುವುದಾಗಿ ಹೇಳಿದರಂತೆ.

ಮಧ್ಯಾಹ್ನ ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗಿದ್ದೆ. ಹಳೆ ಕಾರಿನ ಹುಚ್ಚರೆಲ್ಲಾ ಸೇರಿರುವ ವಾಟ್ಸಾಪ್ ಗುಂಪಿಗೆ ಯಾರೋ ಫೋಟೋ ಹಾಕಿದ್ದರು: ಗಂಗಮ್ಮನಗುಡಿ ಸರ್ಕಲ್‌ನಲ್ಲಿ ಎರಡು ಬಾಗಿಲಿನ ಹೆರಾಲ್ಡ್! ಬೆಳಕು ಚೆನ್ನಾಗಿ ಬಿದ್ದಿತ್ತು. ‘ಗಾಡಿ ಸೂಪರ್, ಒಳಗಿರೋ ಅಂಕಲ್‌ನ ತೆಗೆದು ಹಾಕಿ ಗುರು’ ಎಂದು ಒಬ್ಬ ಬರೆದಿದ್ದ. ಹಾಕಿದವನು ವಿಧೇಯನಾಗಿ ನನ್ನನ್ನು ಅಳಿಸಿ ಮತ್ತೆ ಹಾಕಿದ್ದ. ಈಗ ಕಿಟಕಿಯ ಮೇಲೆ ನನ್ನ ಮೊಣಕೈ ಮಾತ್ರ ಉಳಿದಿತ್ತು.

ಅದರ ಕೆಳಗೆ ಇನ್ನೊಬ್ಬನ ಪ್ರಶ್ನೆ: ‘ಬಾಗಿಲ ಹತ್ತಿರ ಏನೋ ಉಬ್ಬಿಕೊಂಡಿದೆಯಲ್ಲ? ಡೆಂಟಾ?’

‘ಡೆಂಟ್ ಅಲ್ಲ, ನಾನು’ ಎಂದು ಟೈಪ್ ಮಾಡಿದೆ. ಅಳಿಸಿದೆ. ‘ಸಣ್ಣ ಡೆಂಟ್, ತಟ್ಟಿದರೆ ಸರಿಹೋಗುತ್ತದೆ’ ಎಂದು ಬರೆದು ಕಳಿಸಿ, ಗೋಡೆಯ ಕಡೆ ತಿರುಗಿ ಮಲಗಿದೆ.