ಸೂಳೆಕೆರೆ ದೋಣಿ ಮೋಟಾರಿನ ಬಿಸಿ

ಚನ್ನಗಿರಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡ್ಕೊಂಡು ತೆಪ್ಪಗಿದ್ದವನು ನಾನು. ಸೂಳೆಕೆರೆಯ ದೋಣಿಯಣ್ಣ ತನ್ನ ದೋಣಿಗೆ ಮೋಟಾರು ಕೂರಿಸಿದ ನೋಡಿ, ಅವತ್ತೇ ನನ್ನ ನೆಮ್ಮದಿಗೆ ಎಳ್ಳುನೀರು. ಆ ಮೋಟಾರು ತಣ್ಣಗಿರಾಕೆ ಕೆರೆ ನೀರನ್ನೇ ಎಳ್ಕೊಂಡು, ಹಿಂದಿನ ಸಣ್ಣ ತೂತಿಂದ ಹೊರಗೆ ಬಿಡ್ತೈತೆ. ಇಷ್ಟೇ ವಿಷ್ಯ. ಇಷ್ಟನ್ನ ಕೆಡಿಸಾಕೂ ಬುದ್ಧಿ ಬೇಕಲ್ಲ, ಅದು ನಮ್ಮಣ್ಣನಿಗೆ ಧಾರಾಳವಾಗಿ ಐತೆ.

ಸೋರಿಕೆ

ಮೊದಲನೇ ಫೋನು. "ಮೇಸ್ತ್ರಿ, ಮೋಟಾರು ಕೆಂಡ ಆಗೈತ್ರೀ!"

"ಹಿಂದಿನ ತೂತಿಂದ ನೀರು ಬರ್ತೈತೇನಣ್ಣ?"

"ಬರ್ತಿತ್ರೀ. ಹೊಸ ಮೋಟಾರು ಹಿಂಗೆ ಸೋರ್ತೈತಲ್ಲ ಅಂತ ಬೇವಿನ ಕಡ್ಡಿ ಬೆಣೆ ಹೊಡ್ದೆ. ಈಗ ಒಂದು ಹನಿ ಬರಲ್ಲ!"

ಅಷ್ಟು ಹೆಮ್ಮೆಯಿಂದ ಹೇಳಿದ್ಮೇಲೆ ಬೈಯಾಕೂ ಮನಸ್ಸು ಬರಲಿಲ್ಲ. ಹೋಗಿ ಬೆಣೆ ಕಿತ್ತೆ.

"ಮತ್ತೆ ಸೋರಾಕೆ ಹತ್ತಿತಲ್ರೀ, ಇದೇನಾ ನಿಮ್ಮ ರಿಪೇರಿ?" ಅಂದ.

ಪೂಜೆ

ಆಯುಧಪೂಜೆಗೆ ಮೋಟಾರನ್ನ ದಂಡೆ ಮೇಲೆ ನಿಲ್ಲಿಸಿ, ಹೂ ಮುಡಿಸಿ, ಮಂಗಳಾರತಿ ಮುಗಿಯೋವರೆಗೂ ಸ್ಟಾರ್ಟಿನಲ್ಲೇ ಇಟ್ಟಿದ್ದ. ಒಳಗೆ ನೀರೆತ್ತೋ ರಬ್ಬರ್ ಫ್ಯಾನು ಸುಟ್ಟು ಹಪ್ಪಳ.

"ನೀರಿಲ್ದೆ ಓಡಿಸಬ್ಯಾಡ ಅಂದಿರ್ಲಿಲ್ವೇನಣ್ಣ?"

"ಎಲ್ರೀ ನೀರಿಲ್ದೆ? ಮೂರು ಕಾಯಿ ಒಡ್ದು ತಲೆ ಮೇಲೆ ಹುಯ್ದೀನಿ!"

ಬೀಗರು

ದೋಣಿಯಣ್ಣನ ಮಗಳನ್ನ ನೋಡಾಕೆ ಹೊನ್ನಾಳಿಯಿಂದ ಗಂಡಿನ ಕಡೆಯವರು ಬರೋರಿದ್ದರು. ಆಗಲೇ ಎರಡು ಸಂಬಂಧ ಮುರಿದಿದ್ದವು.

"ಕೆರೆ ಸುತ್ತಿಸ್ತೀನಿ ಅಂದುಬಿಟ್ಟೀನ್ರೀ. ನಡುನೀರಲ್ಲಿ ನಿಂತ್ರೆ ಇದೂ ಹೋಗ್ತೈತೆ" ಅಂತ ಕಣ್ಣೀರು ಹಾಕಿದ. ಪಾಪ ಅನ್ನಿಸ್ತು. ಮೋಟಾರನ್ನ ಅಂಗಡಿಗೆ ತಂದು ಹೊಸ ಫ್ಯಾನು ಹಾಕಿ, ಡ್ರಮ್ಮಿನ ನೀರಲ್ಲಿ ಓಡಿಸಿ ನೋಡಿ, ಆಟೋದಲ್ಲಿ ಒಯ್ದು ನಾನೇ ದೋಣಿಗೆ ಕೂರಿಸಿದೆ.

ಬೀಗರ ಜೊತೆ ನಾನೂ ದೋಣಿ ಹತ್ತಿದೆ. ಸುಮ್ನೆ ಕೂರೋ ಜಾಯಮಾನವಾ ನಂದು? ಬೆಣೆ ಕಥೆ, ಕಾಯಿ ಕಥೆ ಎಲ್ಲ ಬಿಚ್ಚಿದೆ. "ಮೋಟಾರು ಅಂದ್ರೆ ಏನು ಅಂತ್ಲೇ ಗೊತ್ತಿಲ್ರೀ ಇವನಿಗೆ" ಅಂತಿದ್ದಂಗೇ, ನಡುಕೆರೇಲಿ ಮೋಟಾರು ಕೀಂ ಅಂತ ಕೂಗಿ ನಿಂತೇಬಿಡ್ತು. ಅಣ್ಣನ ಮುಖ ಬಿಳಿಚ್ಕೊಂತು.

ಗಂಡಿನ ತಂದೆ ಮೋಟಾರನ್ನ ಎತ್ತಿ ನೋಡಿದರು. "ಇದೇನ್ರೀ, ನೀರು ಒಳಗೆ ಹೋಗೋ ಕಿಂಡಿಗೆ ಯಾರೋ ಟವೆಲ್ ಸುತ್ತಿದಾರಲ್ಲ!"

ಆಟೋದಲ್ಲಿ ಧೂಳು ಹೋಗಬಾರದು ಅಂತ ನಾನೇ ಸುತ್ತಿದ್ದ ಚೌಕಳಿ ಟವೆಲ್ಲು! ಬಿಚ್ಚಾಕೆ ಮರೆತಿದ್ದೆ. ಬೀಗರು ಹೊಟ್ಟೆ ಹಿಡ್ಕೊಂಡು ನಕ್ಕರು. ಆ ನಗೂನಲ್ಲೇ ಸಂಬಂಧ ಕುದುರಿತು.

ಮದುವೇಲಿ ಅಣ್ಣ ಗಂಡಸರಿಗೆಲ್ಲ ಹೊಸ ಟವೆಲ್ ಹೊದಿಸಿ ಮರ್ಯಾದೆ ಮಾಡಿದ. ನನಗೂ ಹೊದಿಸಿದ. ನೋಡ್ತೀನಿ, ಅದೇ ಚೌಕಳಿ ಟವೆಲ್ಲು, ಒಗೆದು ಇಸ್ತ್ರಿ ಹಾಕಿಸಿದ್ದು.

"ಇನ್ಮೇಲೆ ಹೆಗಲ ಮೇಲೇ ಇರ್ಲಿ ಮೇಸ್ತ್ರಿ" ಅಂದ.