ಕುಳ್ಳ ಕಂಬದ ಕ್ಯಾಲ್ಕುಲೇಟರ್

ಆ ಶನಿವಾರ ಬೆಳಕು ಹರಿಯುವ ಮುನ್ನ ನಾನು ಮುಗಿಸಿದ್ದು ಇಷ್ಟು: ವಾಷಿಂಗ್ ಮಷಿನ್ನಿಗೆ ಒಂದು ಹೊರೆ ಬಟ್ಟೆ, ಅತ್ತೆಯ ಮೊಣಕಾಲಿಗೆ ಬಿಸಿನೀರಿನ ಚೀಲ, ಮೂರು ಡಬ್ಬಿ, ಮೂರು ಬಾಟಲಿ, ಯಜಮಾನರ ಅಂಗಿಗೆ ಗುಂಡಿ, ಒಂಟಿಯಾಗಿ ಅಲೆಯುತ್ತಿದ್ದ ಕಾಲುಚೀಲಗಳಿಗೆ ಜೋಡಿ ಕೂಡಿಸುವ ಪುಣ್ಯಕಾರ್ಯ. ಇದರ ನಡುವೆಯೇ ಒಲೆಯ ಪಕ್ಕದ ಡಬ್ಬಕ್ಕೆ ಫೋನ್ ಒರಗಿಸಿಟ್ಟು, ಹದಿನಾರು ಬಗೆಯ ಗ್ರಾಫಿಂಗ್ ಕ್ಯಾಲ್ಕುಲೇಟರ್‌ಗಳ ಕುಲಗೋತ್ರ ಜಾಲಾಡಿದ್ದೆ!

ಇಂಟರ್‌ನ್ಯಾಷನಲ್ ಹೈಸ್ಕೂಲಿನಲ್ಲಿರುವ ಮಗಳು ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡಿದ್ದಳು. ಅಂಕಿ ತುಂಬಿದರೆ ತಾನೇ ಗ್ರಾಫ್ ಬಿಡಿಸಿ ತೋರಿಸುವ ಕ್ಯಾಲ್ಕುಲೇಟರ್ ಬೇಕಿತ್ತು. ಸೋಮವಾರವೇ ಪರೀಕ್ಷೆ.

"ಲೆಕ್ಕದ ಸಾಮಾನು ತಾನೇ? ನನಗೆ ಬಿಡು," ಎಂದರು ಯಜಮಾನರು. ವಿಮಾ ಕಚೇರಿಯಲ್ಲಿರುವವರು.

"ನಿಮಗೆ ಬಿಟ್ಟಿದ್ದೆಲ್ಲ ನೋಡಿದೀನಿ," ಎಂದೆ. "ಫ್ರಿಜ್ ತಂದ್ರಿ, ಬಾಗಿಲು ತೆಗೆದ್ರೆ ಗೋಡೆಗೆ ಬಡಿಯತ್ತೆ. ಇಸ್ತ್ರಿಪೆಟ್ಟಿಗೆ ತಂದ್ರಿ, ಎತ್ತೋಕೆ ಪೈಲ್ವಾನ್ ಬೇಕು. ಬಳಸೋಳು ನಾನು. ನನ್ನನ್ನ ಒಂದು ಮಾತು ಕೇಳಿದ್ರಾ? ಈ ಸಲ ನಾನೇ ಆರಿಸ್ತೀನಿ. ಗ್ರಂಥಾಲಯದಲ್ಲಿ ಹತ್ತು ಸಾವಿರ ಪುಸ್ತಕ ವಿಂಗಡಿಸಿದವಳು ನಾನು, ಒಂದು ಕ್ಯಾಲ್ಕುಲೇಟರ್ ಯಾವ ಲೆಕ್ಕ!"

ಮಗಳು ಈಜಿನ ಅಭ್ಯಾಸಕ್ಕೆ ಹೋಗಿದ್ದಳು. ಸಂಜೆಯೊಳಗೆ ತಂದಿಟ್ಟು ಬೆರಗುಗೊಳಿಸೋಣವೆಂದು ಇಬ್ಬರೂ ಹೊರಟೆವು. ಅಂಗಡಿಯಲ್ಲಿ ಪ್ರಶ್ನೆ ಕೇಳಿದ್ದು ನಾನು. ಮಾರುವಾತ ಉತ್ತರ ಕೊಟ್ಟದ್ದು ಯಜಮಾನರ ಮುಖಕ್ಕೆ. ನಾನು ಬಿಡುತ್ತೇನೆಯೇ? ಕೈಗೆ ಜಾರುತ್ತದೆಯೇ, ಒದ್ದೆ ಬೆರಳಿಗೆ ಬಟನ್ ಸಿಗುತ್ತದೆಯೇ, ಸಂದಿಯಲ್ಲಿ ಕೊಳೆ ಕೂರುತ್ತದೆಯೇ ಎಂದು ಅಡ್ಡಸವಾಲು ಹಾಕಿದೆ.

"ಮೇಡಂ, ಇದು ಮಿಕ್ಸಿ ಅಲ್ಲ," ಎಂದ ಆತ, ಕೊನೆಗೂ ನನ್ನ ಕಡೆ ತಿರುಗಿ.

ಅಲ್ಲಿದ್ದವುಗಳಲ್ಲೆಲ್ಲ ದೊಡ್ಡದನ್ನು ಎತ್ತಿದೆ. ಬಣ್ಣದ ಪರದೆ, ಅಕ್ಷರಗಳ ಕೀಲಿಮಣೆ! ಬೀಜಗಣಿತದ ಸಮೀಕರಣವನ್ನೂ ತಾನೇ ಬಿಡಿಸುತ್ತದಂತೆ! ಇಂಥ ಸೊಸೆ ಸಿಕ್ಕಿದರೆ ಯಾವ ಅತ್ತೆ ಬೇಡವೆಂದಾಳು?

ಮನೆಗೆ ಬಂದವಳಿಗೆ ತಡೆಯಲಾಗಲಿಲ್ಲ. ಸೀಲ್ ಹರಿದೆ, ಪರದೆಯ ಮೇಲಿನ ಹಾಳೆ ಸುಲಿದೆ, ಪುಸ್ತಿಕೆ ಓದುತ್ತ ಬಟನ್ ಒತ್ತಿದೆ. ಪರೀಕ್ಷಿಸಲು ಅಂಕಿ ಬೇಕಲ್ಲ? ಆ ವಾರ ಮನೆಯಲ್ಲಿ ಯಾರು ಎಷ್ಟು ಲೋಟ ತೊಳೆದರೆಂದು ತುಂಬಿದೆ. ಟಕ್ಕನೆ ಕಂಬಗಳೆದ್ದವು! ನನ್ನದು ಪರದೆಯ ಸೂರು ಮುಟ್ಟಿತು. ಮಗಳದು ಮಂಡಿಯುದ್ದ. ಮೊಣಕಾಲು ನೋವಿನ ಅತ್ತೆಯದೂ ಹೆಚ್ಚುಕಡಿಮೆ ಅಷ್ಟೇ.

ಯಜಮಾನರು ಬಗ್ಗಿ ನೋಡಿದರು. "ನನ್ನ ಕಂಬ ಎಲ್ಲಿ?"

"ಇದೆ. ನೆಲಕ್ಕೆ ಅಂಟ್ಕೊಂಡಿದೆ. ಕನ್ನಡಕ ಹಾಕ್ಕೊಳ್ಳಿ."

ಅತ್ತೆಯೂ ಕುಂಟುತ್ತ ಬಂದರು. "ಅಯ್ಯೋ, ನನ್ನ ಮಗನದು ಯಾಕಮ್ಮ ಇಷ್ಟು ಕುಳ್ಳು? ಮಷಿನ್ನೇ ಕೆಟ್ಟಿದೆ, ವಾಪಸ್ ಕೊಟ್ಟುಬಿಡು!"

ಯಜಮಾನರು ಎದ್ದುಹೋಗಿ ನಲ್ಲಿ ತಿರುಗಿಸಿ ಒಂದು ಲೋಟ ತೊಳೆದರು. "ಈಗ ಸೇರಿಸು," ಎಂದರು. ಸೇರಿಸಿದೆ. ಕಂಬ ಒಂದು ಕೂದಲೆಳೆ ಬೆಳೆಯಿತು. ಅವರ ಮುಖ ಮಾತ್ರ ಮೊಳದಷ್ಟು ಅರಳಿತು.

ಈ ಸಂಭ್ರಮದ ನಡುವೆ ಒದ್ದೆ ಕೂದಲಿನ ಮಗಳು ಬಂದಳು. ನಾನು ಎರಡು ಕೈಯಲ್ಲಿ ಎತ್ತಿ ಕೊಟ್ಟೆ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಮುಖ ಬಾಡಿತು.

"ತುಂಬ ಚೆನ್ನಾಗಿದೆ ಅಮ್ಮಾ. ಆದ್ರೆ ಬೀಜಗಣಿತ ತಾನೇ ಬಿಡಿಸೋದನ್ನ ಪರೀಕ್ಷೆಗೆ ಬಿಡಲ್ಲ. ಬಾಗಿಲಲ್ಲೇ ಇಸ್ಕೋತಾರೆ. ಆಮೇಲೆ ನಾನು ಅರವತ್ತು ಅಂಕಿಗಳನ್ನ ಕೈಯಲ್ಲೇ ಕೂಡಿ ಕಳೆದು ಕೂರ್ಬೇಕು. ಅಷ್ಟರಲ್ಲಿ ಗಂಟೆ ಹೊಡೆದಿರತ್ತೆ."

"ಮೊದಲೇ ಹೇಳೋದಲ್ವೇನೇ?"

"ನೀನು ಕೇಳಿದ್ರೆ ತಾನೇ?"

ಹದಿನಾರು ಮಾದರಿಗಳ ಕುಲಗೋತ್ರ ಕೇಳಿದ್ದೆ. ಬಳಸುವ ಹುಡುಗಿಯನ್ನು ಒಂದು ಮಾತು ಕೇಳಿರಲಿಲ್ಲ! ಯಜಮಾನರು ಹೋಗಿ ಫ್ರಿಜ್ಜಿನ ಬಾಗಿಲು ತೆಗೆದರು. ಅದು ಗೋಡೆಗೆ ಧಡ್ ಎಂದಿತು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಆ ಸದ್ದಿನ ಅರ್ಥ ಬಿಡಿಸಿ ಹೇಳಬೇಕೇ?

ಭಾನುವಾರ ಮತ್ತೆ ಅದೇ ಅಂಗಡಿ. ಮಗಳೊಬ್ಬಳೇ ಕೌಂಟರಿನ ಮುಂದೆ ನಿಂತಳು. ನಾನು ಬಾಯಿಗೆ ಬೀಗ ಹಾಕಿಕೊಂಡು, ಸಲಹೆ ಕೊಡಲು ಧಾವಿಸುತ್ತಿದ್ದ ಯಜಮಾನರ ಅಂಗಿಯ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ನಾಲ್ಕೇ ನಿಮಿಷ! ಕಪ್ಪು-ಬಿಳುಪು ಪರದೆಯ, ಇಟ್ಟಿಗೆಯಂಥ ಹಳೆಯ ಮಾದರಿಯೊಂದನ್ನು ಎತ್ತಿಕೊಂಡಳು.

"ಇದೇನೇ, ನನ್ನ ವಯಸ್ಸಿನದು!"

"ಮಿಸ್ ಪಾಠ ಮಾಡೋದು ಇದನ್ನೇ ಹಿಡ್ಕೊಂಡು ಅಮ್ಮಾ. ಕ್ಲಾಸಲ್ಲಿ ಎಲ್ಲರ ಹತ್ರಾನೂ ಇದೇ ಇದೆ. ಒಂದು ಬಟನ್ ಮರೆತ್ರೆ ಪಕ್ಕದವಳನ್ನ ಕೇಳ್ಬೋದು."

ಇಷ್ಟು ಸರಳ ತರ್ಕ ನನ್ನ ಹದಿನಾರು ಜಾತಕಗಳಲ್ಲಿ ಎಲ್ಲೂ ಇರಲಿಲ್ಲ.

ಉಳಿದದ್ದು ನಾನು ತಂದ ದೊಡ್ಡದು. "ಸೀಲ್ ಹರಿದಿದೆ ಸರ್, ಹೊಸದು ಅಂತ ವಾಪಸ್ ತಗೊಳ್ಳಲ್ಲ," ಎಂದ ಅಂಗಡಿಯಾತ. "ಬೇಕಾದ್ರೆ ಸೆಕೆಂಡ್ ಹ್ಯಾಂಡ್ ಅಂತ ಇಟ್ಕೋತೀನಿ."

"ಕೊಟ್ಟು ಕೈ ತೊಳ್ಕೊಳ್ಳೋಣ," ಎಂದರು ಯಜಮಾನರು.

"ಚಿಕ್ಕಪ್ಪನ ಮಗನಿಗೆ ಕೊಡೋಣ," ಎಂದಳು ಮಗಳು.

ನಾನು ಅದನ್ನು ಕೈಗೆ ತೆಗೆದುಕೊಂಡೆ. ಬಳಸುವವಳನ್ನು ಕೇಳಬೇಕೆಂಬ ಪಾಠ ಆಗಷ್ಟೇ ಕಲಿತಿದ್ದೆನಲ್ಲ? ನನ್ನನ್ನೇ ಕೇಳಿಕೊಂಡೆ. ನಾನು ತಕ್ಷಣ ಒಪ್ಪಿದೆ.

"ಇದು ನನಗೆ."

"ನಿನಗಾ? ಯಾಕೆ?" ಇಬ್ಬರದೂ ಒಂದೇ ರಾಗ.

"ಯಾಕೆ ಅಂದ್ರೆ, ನನಗೆ ಬೇಕು," ಎಂದು ಕೈಚೀಲಕ್ಕೆ ಹಾಕಿ, ಜಿಪ್ ಎಳೆದು, ಪಟ್ಟದರಾಣಿಯಂತೆ ಹೊರಬಿದ್ದೆ. ಹತ್ತು ಹೆಜ್ಜೆಯಲ್ಲೇ, ಒಳಗೆ ಯಾವ ಬಟನ್ ಒತ್ತಿಕೊಂಡಿತೋ, ಚೀಲ ಕಿರ್ರೆಂದು ಕೂಗತೊಡಗಿತು. ದಾರಿಹೋಕರು ತಿರುಗಿ ನೋಡಿದರು. ಪಟ್ಟದರಾಣಿ ನಿಂತಳು. ಕತ್ತು ಹೊರಳಿಸಿ, ಆದಷ್ಟು ಮೆಲ್ಲಗೆ ಕೇಳಿದಳು:

"ಪುಟ್ಟೀ, ಇದನ್ನ ಆಫ್ ಮಾಡೋದು ಹೇಗೇ?"